‘ನೀರಿನ ಸಮಸ್ಯೆ ಬಗ್ಗೆ’: ಸಭೆಗಳು ಎಳೆಯುವುದೇಕೆ, ಹೊತ್ತಿಗೆ ಮುಗಿಸುವುದು ಹೇಗೆ

ಸಹಕಾರ ಸಂಘವಿರಲಿ, ಹಳೆ ವಿದ್ಯಾರ್ಥಿಗಳ ಸಂಘವಿರಲಿ, ಅಪಾರ್ಟ್‌ಮೆಂಟ್ ಮಾಲೀಕರ ಸಂಘವಿರಲಿ, ಕನ್ನಡದಲ್ಲಿ ಬರುವ ಸಭಾ ಸೂಚನಾಪತ್ರಗಳೆಲ್ಲ ಒಂದೇ ಅಚ್ಚಿನವು. ಮೊದಲನೆಯದು ‘ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು’. ಕೊನೆಯದು ‘ಅಧ್ಯಕ್ಷರ ಅನುಮತಿಯ ಮೇರೆಗೆ ಬರುವ ಇತರ ವಿಷಯಗಳು’. ನಡುವೆ ‘ನೀರಿನ ಸಮಸ್ಯೆ ಬಗ್ಗೆ’, ‘ಭದ್ರತೆ ಬಗ್ಗೆ’, ‘ಹಬ್ಬದ ಆಚರಣೆ ಬಗ್ಗೆ’ ಎಂದು ನಾಲ್ಕೈದು ಸಾಲು. ಬೆಂಗಳೂರಿನ 96 ಮನೆಗಳ ಅಪಾರ್ಟ್‌ಮೆಂಟೊಂದರಲ್ಲಿ ಮೂರು ವರ್ಷ ಸಂಘದ ಕಾರ್ಯದರ್ಶಿಯಾಗಿದ್ದಾಗ ನಾನೂ ಇಂಥ ಪತ್ರಗಳನ್ನು ಬರೆದು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ. ಭಾನುವಾರ ಹತ್ತಕ್ಕೆ ಕರೆದ ಸಭೆ ಒಂದೂವರೆಗೆ ಮುಗಿಯುತ್ತಿತ್ತು. ಜನರಿಗೆ ಶಿಸ್ತಿಲ್ಲ ಎಂದುಕೊಳ್ಳುತ್ತಿದ್ದೆ. ತಪ್ಪು ಬಹುಪಾಲು ನಾನು ಬರೆದ ಆ ಪತ್ರದಲ್ಲೇ ಇದೆ ಎಂದು ಅರ್ಥವಾಗಲು ಒಂದು ಬೇಸಿಗೆ ಬೇಕಾಯಿತು.

ಅದು 2024ರ ಮಾರ್ಚ್. ನಗರದ ಸಾವಿರಾರು ಕೊಳವೆಬಾವಿಗಳ ಜೊತೆ ನಮ್ಮವೂ ಬತ್ತಿದವು. ‘ನೀರಿನ ಸಮಸ್ಯೆ ಬಗ್ಗೆ’ ತುರ್ತುಸಭೆ ಕರೆದೆ. ನಲವತ್ತು ಜನ ಬಂದರು. ಒಬ್ಬರು ಟ್ಯಾಂಕರಿನವರು ಹೇಳುವ ದರದ ಬಗ್ಗೆ ಮಾತಾಡಿದರು. ಇನ್ನೊಬ್ಬರು ಕಾವೇರಿ ನೀರಿನ ಒತ್ತಡ ಯಾಕೆ ಕಡಿಮೆ ಎಂದು ಕೇಳಿದರು. ಮಳೆನೀರು ಇಂಗುಗುಂಡಿಯ ಹೂಳು ತೆಗೆಸಿಲ್ಲ ಎಂದು ಮೂರನೆಯವರು, ಬಿಲ್ಡರ್ ಮೊದಲೇ ಮೋಸ ಮಾಡಿದ್ದಾನೆ ಎಂದು ನಾಲ್ಕನೆಯವರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಅಪ್ರಸ್ತುತವಾಗಿ ಮಾತಾಡಲಿಲ್ಲ. ಎಲ್ಲರೂ ನೀರಿನ ‘ಬಗ್ಗೆ’ಯೇ ಮಾತಾಡಿದರು. ಎರಡೂವರೆ ಗಂಟೆಯ ನಂತರ ನಡಾವಳಿಯಲ್ಲಿ ಬರೆಯಲು ನನಗೆ ಸಿಕ್ಕಿದ್ದು ಒಂದೇ ವಾಕ್ಯ: ‘ಸಮಿತಿಯು ಸೂಕ್ತ ಕ್ರಮ ಕೈಗೊಳ್ಳುವುದು.’

‘ಬಗ್ಗೆ’ ಎಂಬ ಪದ ಒಂದು ಬಯಲಿನಂತೆ. ಅದರೊಳಗೆ ಯಾರು ಯಾವ ದಿಕ್ಕಿಗೆ ನಡೆದರೂ ಒಳಗೇ ಇರುತ್ತಾರೆ. ಎಲ್ಲಿಗೆ ತಲುಪಿದರೆ ಮಾತು ಮುಗಿಯಿತು ಎಂದು ಅಧ್ಯಕ್ಷರಿಗೂ ಗೊತ್ತಿಲ್ಲ, ಮಾತಾಡುವವರಿಗೂ ಗೊತ್ತಿಲ್ಲ. ಹೊಟ್ಟೆ ಹಸಿಯುವವರೆಗೆ ಮಾತು ಸಾಗುತ್ತದೆ.

ಮುಂದಿನ ಭಾನುವಾರದ ಪತ್ರದಲ್ಲಿ ಆ ಒಂದು ಸಾಲಿನ ಬದಲು ಮೂರು ಪ್ರಶ್ನೆ ಬರೆದೆ. ಮೇ ಕೊನೆಯವರೆಗೆ ಟ್ಯಾಂಕರ್ ಖರ್ಚಿಗಾಗಿ ಪ್ರತಿ ಮನೆಯಿಂದ ತಿಂಗಳಿಗೆ 800 ರೂ. ಹೆಚ್ಚುವರಿಯಾಗಿ ಸಂಗ್ರಹಿಸೋಣವೇ? ನೀರಿನ ಬಳಕೆ ತಗ್ಗಿಸಲು ಜಲಮಂಡಳಿ ನಲ್ಲಿಗಳಿಗೆ ಹಾಕಿಸಲು ಹೇಳಿರುವ ಏರೇಟರ್‌ಗಳನ್ನು ಸಂಘದ ಹಣದಿಂದ ಹಾಕಿಸಬೇಕೇ, ಮನೆಯವರೇ ಹಾಕಿಸಿಕೊಳ್ಳಬೇಕೇ? ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದನ್ನು ಮಂಡಳಿ ನಿಷೇಧಿಸಿದೆ, ನಮ್ಮಲ್ಲಿ ಅದನ್ನು ಯಾರು ನೋಡಿಕೊಳ್ಳಬೇಕು? ಅದೇ ಜನ, ಅದೇ ಹಾಲ್, ಅದೇ ಪ್ಲಾಸ್ಟಿಕ್ ಕುರ್ಚಿ. ಐವತ್ತು ನಿಮಿಷದಲ್ಲಿ ಮೂರಕ್ಕೂ ಉತ್ತರ ಸಿಕ್ಕಿತು. ಬಿಲ್ಡರಿನ ಮಾತು ಮತ್ತೆ ಬಂತು, ಆದರೆ ಮಾತೆತ್ತಿದವರೇ ಹಾಳೆ ನೋಡಿ, ‘ಅದು ಇವತ್ತಿನ ಪ್ರಶ್ನೆಯಲ್ಲ, ಇರಲಿ’ ಎಂದು ಕುಳಿತರು. ಗೆರೆ ಕಣ್ಣಿಗೆ ಕಂಡರೆ ಜನ ತಾವೇ ಅದರೊಳಗೆ ನಿಲ್ಲುತ್ತಾರೆ.

ಪ್ರಶ್ನೆ ಬರೆಯಲು ಕುಳಿತಾಗ ಇನ್ನೊಂದು ಲಾಭವಾಗುತ್ತದೆ. ಕೆಲವು ವಿಷಯಗಳಿಗೆ ಎಷ್ಟು ತಿಣುಕಿದರೂ ಪ್ರಶ್ನೆ ಹುಟ್ಟುವುದಿಲ್ಲ. ‘ಲಿಫ್ಟ್ ನಿರ್ವಹಣೆ ಗುತ್ತಿಗೆ ನವೀಕರಿಸಿರುವ ಬಗ್ಗೆ’ ಎಂಬುದರಲ್ಲಿ ಕೇಳುವುದೇನೂ ಇಲ್ಲ, ತಿಳಿಸುವುದಷ್ಟೇ ಇದೆ. ತಿಳಿಸುವುದಕ್ಕೆ ವಾಟ್ಸ್ಆ್ಯಪ್ ಸಾಕು. ಪ್ರಶ್ನೆಯಾಗಿ ಬರೆಯಲು ಬಾರದ ಸಾಲುಗಳನ್ನು ಹೊಡೆದುಹಾಕಿದಾಗ ನಮ್ಮ ಪಟ್ಟಿ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತಿತ್ತು.

ಸುಲಭದ ವಿಷಯಕ್ಕೇ ಹೆಚ್ಚು ಹೊತ್ತು

ಅದೇ ವರ್ಷ ಕೊಳಚೆ ನೀರು ಶುದ್ಧೀಕರಣ ಘಟಕವನ್ನು, ಎಲ್ಲರೂ ಎಸ್‌ಟಿಪಿ ಎನ್ನುವ ಅದನ್ನು, 18 ಲಕ್ಷ ರೂ. ಕೊಟ್ಟು ದುರಸ್ತಿ ಮಾಡಿಸುವ ಪ್ರಸ್ತಾಪ ಬಂತು. ಹತ್ತು ನಿಮಿಷಕ್ಕೆ ಒಪ್ಪಿಗೆಯಾಯಿತು. ಗಣೇಶನ ಹಬ್ಬದ ಊಟಕ್ಕೆ ಹೋಳಿಗೆಯೋ ಜಾಮೂನೋ ಎಂಬುದಕ್ಕೆ ಒಂದು ಗಂಟೆಯ ಮೇಲೆ ಹಿಡಿಯಿತು.

ಬ್ರಿಟನ್ನಿನ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ 1957ರಲ್ಲಿ ಇದೇ ವಿದ್ಯಮಾನವನ್ನು ಒಂದು ಕಲ್ಪಿತ ಹಣಕಾಸು ಸಮಿತಿಯ ಮೂಲಕ ವಿವರಿಸಿದ್ದರು. ಅಲ್ಲಿ ಪರಮಾಣು ರಿಯಾಕ್ಟರ್ ಎರಡೂವರೆ ನಿಮಿಷದಲ್ಲಿ ಮಂಜೂರಾಗುತ್ತದೆ. ನೌಕರರ ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಮುಕ್ಕಾಲು ಗಂಟೆ. ಸಭೆಯಲ್ಲಿ ಕೊಡುವ ಕಾಫಿಯ ಖರ್ಚಿಗೆ ಒಂದೂಕಾಲು ಗಂಟೆ. ಹಣ ಕಡಿಮೆಯಾದಷ್ಟೂ ಮಾತು ಹೆಚ್ಚು. ಇದನ್ನು ಓದಿ ಜನರ ದಡ್ಡತನಕ್ಕೆ ನಗುವವರಿದ್ದಾರೆ. ನಾನು ಅವರನ್ನು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಮನೆಗೆಲಸ ಬಿಟ್ಟು ಬಂದವರಿಗೆ ತಮ್ಮ ಪಾಲಿನದೇನಾದರೂ ಕೊಡಬೇಕು ಎಂಬ ಪ್ರಾಮಾಣಿಕ ಆಸೆ ಇರುತ್ತದೆ. ಎಸ್‌ಟಿಪಿಯ ಗಾಳಿಯಂತ್ರ, ಕೆಸರು, ಶೋಧಕಗಳ ವಿಷಯದಲ್ಲಿ ಬಾಯಿಬಿಟ್ಟರೆ ತಮ್ಮ ಅಜ್ಞಾನ ಬಯಲಾದೀತು ಎಂಬ ಅಳುಕು. ಹೋಳಿಗೆ ಎಲ್ಲರಿಗೂ ಗೊತ್ತು. ಮೊದಲ ವಿಷಯದಲ್ಲಿ ನುಂಗಿಕೊಂಡ ಮಾತೇ ಎರಡನೆಯದರಲ್ಲಿ ಹೊರಬರುತ್ತದೆ.

ಆದ್ದರಿಂದ ಹೋಳಿಗೆಯ ಮಾತಿಗೆ ಕಡಿವಾಣ ಹಾಕುವುದಕ್ಕಿಂತ ಎಸ್‌ಟಿಪಿಯನ್ನು ಅರ್ಥ ಮಾಡಿಸುವುದು ಹೆಚ್ಚು ಮುಖ್ಯ. ಮುಂದಿನ ಸಲ ದೊಡ್ಡ ಖರ್ಚು ಬಂದಾಗ ಒಂದು ಪುಟದ ಟಿಪ್ಪಣಿ ಬರೆದೆ: ಈಗಿನ ತೊಂದರೆ ಏನು, ಏನೂ ಮಾಡದಿದ್ದರೆ ಏನಾಗುತ್ತದೆ, ಯಾವ ಮೂರು ದಾರಿಗಳಿವೆ, ಪ್ರತಿಯೊಂದಕ್ಕೂ ಎಷ್ಟು ಖರ್ಚು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಭಾಷೆ ಇರುತ್ತವೆ. ಅರ್ಥವಾಗದವರು ಪಕ್ಕದವರನ್ನು ಕೇಳುತ್ತಾರೆ, ಗುಸುಗುಸು ಹರಡುತ್ತದೆ, ಅದನ್ನು ಗಲಾಟೆ ಎಂದು ನಾವು ಗದರುತ್ತೇವೆ. ಟಿಪ್ಪಣಿಯನ್ನು ಮೊದಲೇ ಕಳಿಸಿದರೂ ಅರ್ಧ ಜನ ಓದಿರಲಿಲ್ಲ. ಅಮೆಜಾನ್ ಕಂಪನಿಯಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟ್ ಕೈಬಿಟ್ಟು, ವಾಕ್ಯಗಳಲ್ಲಿ ಬರೆದ ಟಿಪ್ಪಣಿ ತರಿಸಿದರು. ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಅದನ್ನು ಓದುವುದು ಅಲ್ಲಿನ ರೂಢಿಯಾಯಿತು. ನಾವೂ ಏಳು ನಿಮಿಷ ಓದಿಗೆ ಬಿಟ್ಟೆವು. ಎಪ್ಪತ್ತು ದಾಟಿದವರೊಬ್ಬರು ಟಿಪ್ಪಣಿಯ ಕೊನೆಯ ಸಾಲಿಗೆ ಬೆರಳಿಟ್ಟು, ‘ಈ ದರದಲ್ಲಿ ಜಿಎಸ್‌ಟಿ ಸೇರಿದೆಯೇ?’ ಎಂದು ಕೇಳಿದರು. ಸೇರಿರಲಿಲ್ಲ.

ಸಣ್ಣ ವಿಷಯಗಳ ದಾರಿ ಬೇರೆ. ಹಬ್ಬದ ಊಟವನ್ನು ಇಷ್ಟು ಹಣದೊಳಗೆ ಎಂದು ಮಿತಿ ಹಾಕಿ ಆಸಕ್ತಿ ಇರುವ ಮೂವರಿಗೆ ಒಪ್ಪಿಸಿದರೆ ಆಯಿತು. ಭಾರದ ಪ್ರಶ್ನೆ ಪಟ್ಟಿಯಲ್ಲಿ ಮೊದಲು ಬರಲಿ, ತಲೆ ತಾಜಾ ಇರುವಾಗ.

ಮಾತು ಒಬ್ಬರದೇ, ತಿಳಿವಳಿಕೆ ಎಲ್ಲರದು

ಸಭೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಇದು ಎಲ್ಲರಿಗೂ ಗೊತ್ತು, ಆದರೆ ಅದರ ಬೆಲೆ ಎಷ್ಟೆಂದು ನಾವು ಲೆಕ್ಕ ಹಾಕುವುದಿಲ್ಲ. ಹನ್ನೆರಡು ಜನರ ಎರಡು ಗಂಟೆಯ ಸಭೆ ಎಂದರೆ ಒಬ್ಬ ಮನುಷ್ಯನ ಮೂರು ಪೂರ್ತಿ ಕೆಲಸದ ದಿನ. ಅಷ್ಟು ಹೊತ್ತನ್ನು ಸಮನಾಗಿ ಹಂಚಿದರೂ ಒಬ್ಬರಿಗೆ ಸಿಗುವುದು ಹತ್ತು ನಿಮಿಷ, ಉಳಿದ ನೂರಹತ್ತು ನಿಮಿಷ ಕೇಳುವುದು. ಕೇಳುವಾಗ ತಮ್ಮ ಸರದಿಗೆ ಕಾಯುತ್ತಾ, ಹೊಳೆದದ್ದನ್ನು ನೆನಪಿಟ್ಟುಕೊಳ್ಳುತ್ತಾ, ಹೊಸದಾಗಿ ಯೋಚಿಸುವುದನ್ನೇ ಬಿಡುತ್ತೇವೆ. ಮನಶ್ಶಾಸ್ತ್ರಜ್ಞರಾದ ಮೈಕೇಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬ 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಟ್ಟಿಗೆ ಕೂತು ಆಲೋಚನೆ ಹೇಳಿದ ಗುಂಪಿಗಿಂತ, ಬೇರೆ ಬೇರೆ ಕೂತು ಯೋಚಿಸಿದ ಅಷ್ಟೇ ಜನರ ಆಲೋಚನೆಗಳನ್ನು ಒಟ್ಟುಗೂಡಿಸಿದಾಗ ಹೆಚ್ಚು ಸಿಕ್ಕಿದವು. ಸರದಿಗೆ ಕಾಯುವುದೇ ಮುಖ್ಯ ಕಾರಣ ಎಂದು ಅವರು ತೋರಿಸಿದರು. ಸಲಹೆಗಳು ಬೇಕಿದ್ದರೆ ಚೀಟಿಯಲ್ಲಿ ಬರೆಸಿಕೊಂಡು, ಅವುಗಳಲ್ಲಿ ಆರಿಸಲು ಮಾತ್ರ ಸಭೆಯನ್ನು ಬಳಸುವುದು ಇದರಿಂದ ಹೊರಡುವ ದಾರಿ.

ಜನ ಹೆಚ್ಚಿದಂತೆ ಇನ್ನೊಂದು ತೊಡಕು. ಐದು ಜನರ ನಡುವೆ ಹತ್ತು ಜೋಡಿ ಸಂಬಂಧಗಳು, ಹತ್ತು ಜನರಲ್ಲಿ 45, ನಲವತ್ತು ಜನರಲ್ಲಿ 780. ಯಾರ ಮಾತಿಗೆ ಯಾರು ಉತ್ತರಿಸಬೇಕು, ಯಾರಿಗೆ ನೋವಾಗಬಾರದು ಎಂಬ ಎಳೆಗಳೆಲ್ಲ ಈ ಜೋಡಿಗಳಲ್ಲಿ ಓಡುತ್ತವೆ. ತೀರ್ಮಾನದಿಂದ ಬಾಧಿತರಾಗುವವರು, ತೀರ್ಮಾನ ಜಾರಿ ಮಾಡುವವರು, ವಿಷಯ ಬಲ್ಲವರು, ಇಷ್ಟು ಜನ ಸಾಕು. ಕರೆಯದಿದ್ದರೆ ಬೇಸರಿಸಿಕೊಳ್ಳುತ್ತಾರೆ ಎಂದು ಕರೆದವರಿಗೆ ನಡಾವಳಿ ಕಳಿಸಿದರೆ ಆಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಗ್ಯಾರಿ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ ಅವರ 1985ರ ಅಧ್ಯಯನ. ಅಭ್ಯರ್ಥಿಯೊಬ್ಬರನ್ನು ಆರಿಸಬೇಕಿದ್ದ ಗುಂಪಿನಲ್ಲಿ ಈ ಮನಶ್ಶಾಸ್ತ್ರಜ್ಞರು ಕೆಲವು ಸಂಗತಿಗಳನ್ನು ಎಲ್ಲರಿಗೂ ಒಂದೇ ರೀತಿ ಕೊಟ್ಟು, ಕೆಲವನ್ನು ಒಬ್ಬೊಬ್ಬರಿಗೆ ಮಾತ್ರ ಕೊಟ್ಟರು. ಎಲ್ಲರ ಮಾಹಿತಿಯನ್ನು ಸೇರಿಸಿದ್ದರೆ ಉತ್ತಮ ಅಭ್ಯರ್ಥಿ ಯಾರೆಂದು ಸ್ಪಷ್ಟವಾಗುತ್ತಿತ್ತು. ಗುಂಪುಗಳು ಹೆಚ್ಚಾಗಿ ಎಲ್ಲರಿಗೂ ಗೊತ್ತಿದ್ದನ್ನೇ ಮತ್ತೆ ಮತ್ತೆ ಚರ್ಚಿಸಿ ತಪ್ಪು ಆಯ್ಕೆ ಮಾಡಿದವು. ಎಲ್ಲರೂ ತಲೆಯಾಡಿಸುವ ಮಾತು ಹೇಳುವುದು ಹಿತ. ಒಬ್ಬರಿಗೇ ಗೊತ್ತಿರುವುದನ್ನು ಹೇಳಲು ಧೈರ್ಯ ಬೇಕು.

ಆ ಮಾರ್ಚಿನ ಮೊದಲ ಸಭೆ ಮುಗಿದು ಲಿಫ್ಟಿಗೆ ಕಾಯುತ್ತಿದ್ದಾಗ ನೆಲಮಹಡಿಯ ಅಮ್ಮ ಒಬ್ಬರು ಹತ್ತಿರ ಬಂದರು. ‘ರಾತ್ರಿ ಎರಡು ಗಂಟೆಗೆ ಸಂಪ್ ತುಂಬಿ ಹರಿಯೋ ಸದ್ದು ಕೇಳುತ್ತಪ್ಪ, ದಿನಾ. ಹೇಳೋಣ ಅಂದ್ಕೊಂಡೆ. ಎಲ್ಲರೂ ಟ್ಯಾಂಕರ್ ಅಂತಿದ್ರು, ಸುಮ್ಮನಾದೆ.’ ಹೋಗಿ ನೋಡಿದರೆ ಸಂಪ್ ತುಂಬಿದಾಗ ನೀರು ನಿಲ್ಲಿಸುವ ಕವಾಟದ ತೇಲುಗುಂಡು ಕೆಟ್ಟಿತ್ತು. ನೀರಿಲ್ಲವೆಂದು ಎರಡೂವರೆ ಗಂಟೆ ಗೋಳಾಡಿದ ನಮ್ಮ ನಡುವೆಯೇ, ನೀರು ಪೋಲಾಗುವುದನ್ನು ಬಲ್ಲ ಒಬ್ಬರು ಮೂರನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಅಂದಿನಿಂದ ಚರ್ಚೆಗೆ ಮುಂಚೆ ಒಂದು ಸುತ್ತು ಕೇಳುತ್ತೇನೆ: ‘ಇಲ್ಲಿ ಬೇರೆಯವರಿಗೆ ಗೊತ್ತಿರಲಾರದ ಯಾವ ಸಂಗತಿ ನಿಮಗೆ ಗೊತ್ತು?’

ಸುತ್ತು ಶುರುವಾಗುವುದು ಎಲ್ಲಿಂದ ಎಂಬುದೂ ಮುಖ್ಯ. ಹಿರಿಯರು ಮೊದಲು ಮಾತಾಡಿದರೆ ಕಿರಿಯರ ಅಭಿಪ್ರಾಯ ಅಲ್ಲೇ ಮುಗಿಯಿತು. ಭಾರತೀಯ ಸೇನೆಯ ಕೋರ್ಟ್ ಮಾರ್ಷಲ್‌ನಲ್ಲಿ ಸದಸ್ಯರ ಅಭಿಪ್ರಾಯವನ್ನು ಅತಿ ಕಿರಿಯ ದರ್ಜೆಯವರಿಂದ ಆರಂಭಿಸಿ ಕೇಳಬೇಕು ಎಂದು ನಿಯಮವೇ ಇದೆ. ಆದೇಶ ಪಾಲನೆಯೇ ಉಸಿರಾಗಿರುವ ಸೇನೆಗೇ ಈ ಎಚ್ಚರ ಬೇಕಾಗಿದ್ದರೆ ನಮ್ಮ ಆಫೀಸುಗಳಿಗೆ ಇನ್ನೂ ಹೆಚ್ಚು ಬೇಕು.

ಸೂಚಕರು, ಅನುಮೋದಕರು

1863ರಲ್ಲಿ ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ ಅವರನ್ನು ಇದ್ದಕ್ಕಿದ್ದಂತೆ ಒಂದು ಚರ್ಚಿನ ಸಭೆಯ ಅಧ್ಯಕ್ಷರಾಗಿ ಕೂರಿಸಿದರು. ಸಭೆ ನಡೆಸುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ, ಸಭೆ ಕೆಟ್ಟಿತು. ಆ ಮುಜುಗರದಿಂದ ಶುರುವಾದ ಅಧ್ಯಯನ 1876ರಲ್ಲಿ ನಿಯಮಗಳ ಪುಸ್ತಕವಾಯಿತು. ಅದರ ತಿರುಳು ಎರಡು ಮಾತು. ಯಾರಾದರೂ ಒಂದು ಸ್ಪಷ್ಟ ಪ್ರಸ್ತಾಪವನ್ನು ಮಂಡಿಸಿ, ಮತ್ತೊಬ್ಬರು ಅದನ್ನು ಬೆಂಬಲಿಸಿದ ಮೇಲೆಯೇ ಚರ್ಚೆ. ಮಾತಾಡಬಯಸುವ ಎಲ್ಲರೂ ಒಮ್ಮೆ ಮಾತಾಡುವವರೆಗೆ ಯಾರಿಗೂ ಎರಡನೇ ಸರದಿಯಿಲ್ಲ.

ನಮ್ಮ ಠರಾವು ಪುಸ್ತಕಗಳಲ್ಲಿ ‘ಸೂಚಕರು’, ‘ಅನುಮೋದಕರು’ ಎಂಬ ಎರಡು ಖಾನೆ ಇವೆಯಲ್ಲ, ಅವು ಇದೇ ಪದ್ಧತಿಯವು. ಖಾನೆ ಉಳಿಯಿತು, ಕ್ರಮ ತಲೆಕೆಳಗಾಯಿತು. ನಾವು ಮೊದಲು ಎರಡು ಗಂಟೆ ಮಾತಾಡುತ್ತೇವೆ, ಜನ ಎದ್ದು ಕಾಫಿಗೆ ಹೋದ ಮೇಲೆ ಕಾರ್ಯದರ್ಶಿ ರಿಜಿಸ್ಟರ್ ಹಿಡಿದು, ‘ಸರ್, ಸೂಚಕರು ಅಂತ ನಿಮ್ಮ ಹೆಸರು ಹಾಕಿಕೊಳ್ಳಲೇ?’ ಎಂದು ಕೇಳುತ್ತಾ ಓಡಾಡುತ್ತಾರೆ. ಸೂಚಕರನ್ನು ಮೊದಲೇ ಹುಡುಕಿದರೆ ‘ಬಗ್ಗೆ’ ತಾನಾಗಿ ಬಿದ್ದುಹೋಗುತ್ತದೆ, ಏಕೆಂದರೆ ಸೂಚಿಸಲು ಒಂದು ಪೂರ್ತಿ ವಾಕ್ಯ ಬೇಕು.

ಅಧ್ಯಕ್ಷತೆಯನ್ನು ನಾವು ಗೌರವವೆಂದು ಕೊಡುತ್ತೇವೆ, ಹಾರ ಹಾಕುತ್ತೇವೆ, ಶಾಲು ಹೊದಿಸುತ್ತೇವೆ. ಅದು ಗೌರವದ ಜೊತೆಗೆ ಒಂದು ಕೆಲಸ, ಸಾಕಷ್ಟು ದಣಿಸುವ ಕೆಲಸ. ಯಾವ ಪ್ರಶ್ನೆಯಲ್ಲಿದ್ದೇವೆ, ಇನ್ನೂ ಯಾರು ಬಾಯಿಬಿಟ್ಟಿಲ್ಲ, ಒಪ್ಪಿಗೆ ಎಲ್ಲಿ ಮೂಡುತ್ತಿದೆ ಎಂದು ನೋಡುತ್ತಿರಬೇಕು. ತಮಗೆ ಬಲವಾದ ಅಭಿಪ್ರಾಯವಿರುವ ವಿಷಯ ಬಂದಾಗ ಆಸನವನ್ನು ಇನ್ನೊಬ್ಬರಿಗೆ ಬಿಡುವುದು ಒಳ್ಳೆಯದು. ನಮ್ಮಲ್ಲೊಬ್ಬರು ನಿವೃತ್ತ ಮೇಷ್ಟ್ರು, ಒಂದೇ ಮಾತನ್ನು ಪ್ರತಿ ಸಭೆಯಲ್ಲೂ ನಾಲ್ಕು ಸಲ ಹೇಳುತ್ತಿದ್ದರು. ‘ಆಯ್ತು ಸರ್, ಕೂತ್ಕೊಳ್ಳಿ’ ಎಂದಷ್ಟೂ ದನಿ ಏರುತ್ತಿತ್ತು. ಒಮ್ಮೆ ಬಿಳಿಹಲಗೆಯ ಮೇಲೆ ಅವರ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು, ‘ಮೇಷ್ಟ್ರೇ, ನೀವು ಹೇಳಿದ್ದು ಇದೇ ಅಲ್ಲವೇ?’ ಎಂದು ಕೇಳಿದೆ. ಓದಿದರು. ‘ಹೌದು, ಇದೇ’ ಎಂದು ಕುಳಿತರು. ಮತ್ತೆ ಏಳಲಿಲ್ಲ. ತಮ್ಮ ಮಾತು ಎಲ್ಲೂ ದಾಖಲಾಗುತ್ತಿಲ್ಲ ಎಂಬ ಸಂಕಟದಿಂದ ಅವರು ಅಷ್ಟು ವರ್ಷ ಅದನ್ನೇ ಹೇಳುತ್ತಿದ್ದರು.

ತಡವಾಗಿ ಶುರುವಾಗುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹತ್ತಕ್ಕೆ ಬಂದ ಇಪ್ಪತ್ತು ಜನರನ್ನು ಅರ್ಧ ಗಂಟೆ ಕಾಯಿಸಿದರೆ ಹತ್ತು ಗಂಟೆ ನಷ್ಟ. ಅದಕ್ಕಿಂತ ಕೆಟ್ಟದ್ದೆಂದರೆ, ಸಮಯಕ್ಕೆ ಬಂದವರು ಮುಂದಿನ ಸಲ ಹತ್ತೂವರೆಗೆ ಬರಲು ಕಲಿಯುತ್ತಾರೆ. ಎಷ್ಟು ಜನ ಇದ್ದರೂ ಹೇಳಿದ ಹೊತ್ತಿಗೆ ಟಿಪ್ಪಣಿ ಓದು ಶುರು ಮಾಡಿದೆವು. ಕೋರಂ ತುಂಬುವ ಹೊತ್ತಿಗೆ ಓದು ಮುಗಿದಿರುತ್ತಿತ್ತು. ನಾಲ್ಕನೇ ಸಭೆಯ ಹೊತ್ತಿಗೆ ಜನ ಹತ್ತಕ್ಕೇ ಬರತೊಡಗಿದರು.

ಮೊದಲ ವಿಷಯ, ಕೊನೆಯ ವಿಷಯ

ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಅಮೆರಿಕದ ಗುಪ್ತಚರ ಸಂಸ್ಥೆ ಓಎಸ್‌ಎಸ್ ಶತ್ರು ಆಕ್ರಮಿತ ದೇಶಗಳ ಸಾಮಾನ್ಯ ಜನರಿಗಾಗಿ ಒಂದು ವಿಧ್ವಂಸಕ ಕೈಪಿಡಿ ಸಿದ್ಧಪಡಿಸಿತು. ಯಂತ್ರ ಕೆಡಿಸುವುದು, ರೈಲು ತಡ ಮಾಡುವುದು ಇವೆಲ್ಲದರ ಜೊತೆ ಸಂಸ್ಥೆಗಳನ್ನು ಒಳಗಿನಿಂದ ಕುಂಠಿತಗೊಳಿಸುವ ಉಪಾಯಗಳೂ ಅದರಲ್ಲಿದ್ದವು: ಎಲ್ಲವನ್ನೂ ಸಮಿತಿಗೆ ಒಪ್ಪಿಸಿ, ಸಮಿತಿಯಲ್ಲಿ ಐದಕ್ಕಿಂತ ಕಡಿಮೆ ಜನ ಇರದಂತೆ ನೋಡಿಕೊಳ್ಳಿ, ಅಪ್ರಸ್ತುತ ವಿಷಯಗಳನ್ನು ಆಗಾಗ ಎತ್ತಿ, ನಡಾವಳಿಯ ಪದಪದಕ್ಕೂ ಜಗ್ಗಾಡಿ, ಹಿಂದಿನ ಸಭೆಯಲ್ಲಿ ತೀರ್ಮಾನವಾದದ್ದನ್ನು ಮತ್ತೆ ಕೆದಕಿ. ಇದನ್ನು ಓದಿದಾಗ ನನಗೆ ಬೇಸರವಾಯಿತು. ಯಾವ ಶತ್ರುವೂ ಇಲ್ಲದೆ, ಒಳ್ಳೆಯ ಮನಸ್ಸಿನ ನೆರೆಹೊರೆಯವರೇ ಸೇರಿ ನಾವು ಇದನ್ನೆಲ್ಲ ಮಾಡುತ್ತಿದ್ದೆವು.

ಹಿಂದಿನ ತೀರ್ಮಾನ ಮತ್ತೆ ಮೇಲೇಳುವುದು ನಡಾವಳಿ ಸರಿಯಿಲ್ಲದಾಗ. ‘ದೀರ್ಘ ಚರ್ಚೆಯ ನಂತರ ಸೂಕ್ತ ಕ್ರಮಕ್ಕೆ ತೀರ್ಮಾನಿಸಲಾಯಿತು’ ಎಂದು ಬರೆದರೆ ಅದನ್ನು ದೃಢೀಕರಿಸುವ ಹೆಸರಿನಲ್ಲಿ ಇಡೀ ಚರ್ಚೆ ಮರುಜೀವ ಪಡೆಯುತ್ತದೆ. ನಾನು ಮೂರೇ ಖಾನೆಗೆ ಇಳಿದೆ: ಏನು ತೀರ್ಮಾನ, ಯಾರು ಮಾಡಬೇಕು, ಯಾವ ದಿನದೊಳಗೆ. ಸಭೆ ಏಳುವ ಮುಂಚೆ ಗಟ್ಟಿಯಾಗಿ ಓದಿ, ಅಂದೇ ಸಂಜೆ ಎಲ್ಲರಿಗೂ ಕಳಿಸುವುದು. ಕಂಪನಿಗಳ ಆಡಳಿತ ಮಂಡಳಿ ಸಭೆಗಳಿಗೆ ನಮ್ಮ ದೇಶದ ಮಾನದಂಡ ಕರಡು ನಡಾವಳಿ ಕಳಿಸಲು ಹದಿನೈದು ದಿನ ಕೊಡುತ್ತದೆ. ನಮ್ಮಂಥವರಿಗೆ ಹದಿನೈದು ದಿನ ಬಹಳವಾಯಿತು, ಅಷ್ಟರಲ್ಲಿ ಪ್ರತಿಯೊಬ್ಬರ ನೆನಪಿನಲ್ಲೂ ಬೇರೆ ಬೇರೆ ಸಭೆ ನಡೆದಿರುತ್ತದೆ.

‘ಇತರ ವಿಷಯಗಳು’ ಎಂಬ ಕೊನೆಯ ಸಾಲು ತೆರೆದ ಬಾಗಿಲು. ಯಾರೂ ತಯಾರಾಗಿ ಬಂದಿರದ ವಿಷಯ, ಎಲ್ಲರೂ ದಣಿದಿರುವ ಹೊತ್ತು. ನಾಯಿ ಸಾಕುವವರ ಮೇಲೆ ದಂಡ ಹಾಕುವ ತೀರ್ಮಾನವೊಂದು ನಮ್ಮಲ್ಲಿ ಈ ಬಾಗಿಲಿನಿಂದಲೇ ನುಗ್ಗಿ, ಆರು ತಿಂಗಳು ಮನೆಮನೆಗಳ ನಡುವೆ ಮಾತು ಬಿಡಿಸಿತು. ನಾಯಿ ಸಾಕಿದ ಒಬ್ಬರೂ ಆ ಹೊತ್ತಿಗೆ ಹಾಲ್‌ನಲ್ಲಿ ಉಳಿದಿರಲಿಲ್ಲ. ಹೊಸ ವಿಷಯ ಬಂದರೆ ಬರೆದುಕೊಳ್ಳುತ್ತೇವೆ, ಮುಂದಿನ ಪತ್ರದಲ್ಲಿ ಪ್ರಶ್ನೆಯಾಗಿ ಬರುತ್ತದೆ ಎಂದು ನಿಯಮ ಮಾಡಿದೆವು. ಪೈಪು ಒಡೆದಂಥ ತುರ್ತಿಗೆ ಮಾತ್ರ ವಿನಾಯಿತಿ.

ಆಫೀಸಿನ ಸಭೆಗಳ ರೋಗ ಕೊಂಚ ಬೇರೆ. ಅಲ್ಲಿ ಸಭೆ ಹುಟ್ಟುತ್ತದೆ, ಸಾಯುವುದಿಲ್ಲ. ಒಂದು ತೊಂದರೆಗಾಗಿ ಪ್ರತಿ ಸೋಮವಾರ ಕರೆದದ್ದು, ಆ ತೊಂದರೆ ಮುಗಿದು ಎರಡು ವರ್ಷವಾದರೂ ಕ್ಯಾಲೆಂಡರಿನಲ್ಲಿ ಇದ್ದೇ ಇರುತ್ತದೆ. ಮರುಕಳಿಸುವ ಸಭೆಗೆ ಶುರುವಿನಲ್ಲೇ ಕೊನೆಯ ದಿನಾಂಕ ಹಾಕುವುದು ಸುಲಭದ ಔಷಧ. ಸಾಫ್ಟ್‌ವೇರ್ ತಂಡಗಳು ನಿಂತೇ ನಡೆಸುವ ದಿನನಿತ್ಯದ ಸ್ಟ್ಯಾಂಡ್‌ಅಪ್‌ಗೆ ಹದಿನೈದು ನಿಮಿಷದ ಮಿತಿಯಿದೆ, ನಿಂತು ಮಾತಾಡುವುದಕ್ಕೂ ಅರ್ಥವಿದೆ. ಅಲೆನ್ ಬ್ಲೂಡಾರ್ನ್ ಮತ್ತು ಸಂಗಡಿಗರು 1999ರಲ್ಲಿ ಹೋಲಿಸಿ ನೋಡಿದಾಗ ಕೂತು ನಡೆಸಿದ ಸಭೆಗಳು ನಿಂತು ನಡೆಸಿದವಕ್ಕಿಂತ 34% ಉದ್ದವಾಗಿದ್ದವು, ತೀರ್ಮಾನದ ಗುಣಮಟ್ಟದಲ್ಲಿ ವ್ಯತ್ಯಾಸವಿರಲಿಲ್ಲ. ಅಮೆರಿಕದ ಸಹೋದ್ಯೋಗಿಗಳ ಜೊತೆ ಸಭೆಯಿದ್ದರೆ ಇನ್ನೊಂದು ತೊಡಕು: ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಋತುವಿಗೆ ತಕ್ಕಂತೆ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ವ್ಯತ್ಯಾಸ. ಮಗುವಿಗೆ ಊಟ ಮಾಡಿಸುವ ಹೊತ್ತಿನಲ್ಲಿ ರಾತ್ರಿ ಒಂಬತ್ತೂವರೆಯ ಕಾಲ್‌ಗೆ ಕೂರುವವರ ಒಂದು ಗಂಟೆ ಬಹಳ ದುಬಾರಿಯಾದ ಗಂಟೆ. ಆ ಹೊತ್ತಿಗೆ ಕರೆಯುವವರು ಮೊದಲೇ ಪ್ರಶ್ನೆ ಬರೆದು ಕಳಿಸುವುದು ಕನಿಷ್ಠ ಸೌಜನ್ಯ.

ಇಷ್ಟೆಲ್ಲ ಹೇಳಿದರೂ ಬೇಗ ಮುಗಿಸಬಾರದ ಸಭೆಗಳಿವೆ. ನನ್ನ ಕೊನೆಯ ವರ್ಷದಲ್ಲಿ ಬಂದ ಪ್ರಶ್ನೆ ಒಂದೇ ಸಾಲಿನದು: ‘ಮನೆಗೆಲಸದವರು ಸರ್ವಿಸ್ ಲಿಫ್ಟನ್ನೇ ಬಳಸಬೇಕು ಎಂಬ ಫಲಕವನ್ನು ತೆಗೆಯಬೇಕೇ?’ ಕೆಲಸಕ್ಕೆ ಬರುವ ಇಬ್ಬರು ಅಕ್ಕಂದಿರನ್ನೂ ಸಭೆಗೆ ಕರೆದಿದ್ದೆವು. ಸರ್ವಿಸ್ ಲಿಫ್ಟ್ ಕೆಟ್ಟ ದಿನ ಒಂಬತ್ತನೇ ಮಹಡಿಗೆ ಹತ್ತುವುದು ಹೇಗಿರುತ್ತದೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ತಾವು ಎತ್ತಿ ಆಡಿಸುವ ಮಗುವಿನ ಜೊತೆ ಇಳಿಯುವಾಗ ಮುಖ್ಯ ಲಿಫ್ಟಿನಲ್ಲಿ ಬರಬಹುದು, ಮಗುವನ್ನು ಬಿಟ್ಟು ಮರಳುವಾಗ ಬರಬಾರದು ಎಂದರು. ಹಾಲ್‌ನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾತಾಡಿದರು, ಸಿಟ್ಟಿನಿಂದ, ನಾಚಿಕೆಯಿಂದ, ಕೆಲವರು ಕಣ್ಣೊರೆಸಿಕೊಂಡು. ಮೂರು ಗಂಟೆ ಹಿಡಿಯಿತು. ನಾನು ಒಮ್ಮೆಯೂ ಗಡಿಯಾರ ತೋರಿಸಲಿಲ್ಲ.

ನಡಾವಳಿ ಮೂರು ಖಾನೆಗಳಲ್ಲಿ ಹಿಡಿಯಿತು. ತೀರ್ಮಾನ: ಫಲಕ ತೆಗೆಯುವುದು. ಯಾರು: ಕಾರ್ಯದರ್ಶಿ. ಯಾವಾಗ: ಇಂದೇ. ವಾಚ್‌ಮನ್ ಕೊಠಡಿಯಿಂದ ಸ್ಕ್ರೂಡ್ರೈವರ್ ತಂದು ಸಂಜೆಯೊಳಗೆ ತೆಗೆದೆ. ನಾಲ್ಕು ಮೊಳೆಗಳ ತೂತು ಗೋಡೆಯಲ್ಲಿ ಇನ್ನೂ ಇವೆ.